ಸಮಾನ ವೇತನ ಮತ್ತು ಸಮಾನ ಕೆಲಸ: ಒಂದು ವಿವೇಚನೆ

೧. ಪೀಠಿಕೆ

ನಮ್ಮ ಹಳ್ಳಿಗಳಲ್ಲಿ ಕೂಲಿಯ ಮಾತು ಬಂದಾಗ ‘ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು?’ ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಯಲ್ಲಿ ಕೆಲಸದ ಹೆಸರೇ ಬರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಉಳುಮೆಗೆ ಎಷ್ಟು, ನಾಟಿಗೆ ಎಷ್ಟು, ಕಳೆ ಕೀಳುವುದಕ್ಕೆ ಎಷ್ಟು ಎಂದು ಕೇಳಿದರೆ ಕೂಲಿಯು ಕೆಲಸಕ್ಕೆ ಸಂಬಂಧಪಟ್ಟದ್ದಾಗುತ್ತದೆ. ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಎಂದು ಕೇಳಿದಾಗ ಅದು ಕೆಲಸ ಮಾಡುವ ವ್ಯಕ್ತಿಯ ಜಾತಕಕ್ಕೆ ಸಂಬಂಧಪಟ್ಟದ್ದಾಗುತ್ತದೆ. ‘ಸಮಾನ ಕೆಲಸಕ್ಕೆ ಸಮಾನ ವೇತನ’ ಎಂಬ ತತ್ತ್ವವು ಈ ವಾಡಿಕೆಯನ್ನು ಬದಿಗೊತ್ತಿ, ಕೂಲಿಯನ್ನು ಕೆಲಸದೊಡನೆ ಮತ್ತೆ ಜೋಡಿಸಲು ಹೊರಟ ತತ್ತ್ವವಾಗಿದೆ.

ಈ ತತ್ತ್ವವನ್ನು ಇಂದು ಬಹಿರಂಗವಾಗಿ ವಿರೋಧಿಸುವವರು ವಿರಳ. ಆದರೂ ಅದಕ್ಕೆ ಒಪ್ಪಿಗೆ ದೊರೆತಷ್ಟು ಸುಲಭವಾಗಿ ಆಚರಣೆ ದೊರೆತಿಲ್ಲ. ಮಾಲೀಕರ ಲೋಭ, ಅಧಿಕಾರಿಗಳ ಅಲಕ್ಷ್ಯ, ಕೆಲಸಗಾರ್ತಿಯರಲ್ಲಿ ಸಂಘಟನೆಯ ಅಭಾವ ಮೊದಲಾದವುಗಳನ್ನು ಇದಕ್ಕೆ ಕಾರಣವಾಗಿ ಹೇಳುವುದುಂಟು. ಅವೆಲ್ಲವೂ ನಿಜವೇ. ಆದರೆ ಅವುಗಳ ಹಿಂದೆ ಇನ್ನೂ ಮೂಲಭೂತವಾದ ಕಾರಣವೊಂದು ನಿಂತಿದೆ. ಎರಡು ಕೆಲಸಗಳು ಸಮಾನವೆಂದು ನಿರ್ಣಯಿಸುವವರು ಯಾರು? ಅವರು ಹಿಡಿಯುವ ಅಳತೆಗೋಲು ಯಾವುದು? ವೇತನವನ್ನು ಸಮಗೊಳಿಸಬೇಕೆಂದು ಕಾಯಿದೆ ವಿಧಿಸಿದ ಮಾತ್ರಕ್ಕೆ, ಕೆಲಸಗಳನ್ನು ಬೇರೆ ಬೇರೆ ಹೆಸರಿನಿಂದ ಕರೆದು ಬೇರೆ ಬೇರೆ ದರ್ಜೆಯಲ್ಲಿ ಇರಿಸುವ ಅಧಿಕಾರ ಯಾರ ಕೈಯಿಂದಲೂ ಹೋಗುವುದಿಲ್ಲ. ಈ ಅಧಿಕಾರ ಹೇಗೆ ನಡೆದುಕೊಂಡು ಬಂದಿದೆ, ಕಾಯಿದೆಯೂ ನ್ಯಾಯಾಲಯಗಳೂ ಅದನ್ನು ಎಷ್ಟರಮಟ್ಟಿಗೆ ಪರೀಕ್ಷೆಗೆ ಒಳಪಡಿಸಿವೆ ಎಂಬುದನ್ನು ಮುಖ್ಯವಾಗಿ ಭಾರತದ ಅನುಭವದಿಂದ ತಿಳಿಯುವುದು ಪ್ರಕೃತ ಲೇಖನದ ಉದ್ದೇಶ.

೨. ತತ್ತ್ವದ ಎರಡು ಪಾಠಗಳು

ಈ ತತ್ತ್ವಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆತುದು ಮೊದಲನೆಯ ಮಹಾಯುದ್ಧದ ಅನಂತರ. ೧೯೧೯ರ ವೆರ್ಸೇಲ್ಸ್ ಒಪ್ಪಂದದ ಮೂಲಕ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸ್ಥಾಪಿತವಾದಾಗ, ಸಮಾನ ಮೌಲ್ಯದ ಕೆಲಸಕ್ಕೆ ಸ್ತ್ರೀಪುರುಷರಿಬ್ಬರಿಗೂ ಸಮಾನ ಸಂಭಾವನೆ ದೊರೆಯಬೇಕೆಂಬುದು ಅದರ ಮೂಲಸೂತ್ರಗಳಲ್ಲಿ ಒಂದಾಗಿ ಸೇರಿತು. ೧೯೫೧ರ ಜೂನ್ ತಿಂಗಳಲ್ಲಿ ಆ ಸಂಸ್ಥೆ ಇದೇ ವಿಷಯಕ್ಕೆ ಮೀಸಲಾದ ೧೦೦ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ೧೯೫೩ರಲ್ಲಿ ಜಾರಿಗೆ ಬಂದಿತು. ಭಾರತವು ಅದನ್ನು ೧೯೫೮ರ ಸೆಪ್ಟೆಂಬರಿನಲ್ಲಿ ಸ್ಥಿರೀಕರಿಸಿತು.

ಅಷ್ಟರಲ್ಲಿ ನಮ್ಮ ಸಂವಿಧಾನವೇ ಈ ತತ್ತ್ವವನ್ನು ಸ್ವೀಕರಿಸಿಯಾಗಿತ್ತು. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ೩೯ನೆಯ ಅನುಚ್ಛೇದದ ‘ಡಿ’ ಖಂಡವು, ಪುರುಷರಿಗೂ ಸ್ತ್ರೀಯರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರೆಯುವಂತೆ ರಾಜ್ಯವು ತನ್ನ ನೀತಿಯನ್ನು ನಡೆಸಬೇಕೆಂದು ಹೇಳುತ್ತದೆ. ನಿರ್ದೇಶಕ ತತ್ತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದರೂ, ೩೭ನೆಯ ಅನುಚ್ಛೇದದ ಪ್ರಕಾರ ಅವನ್ನು ನ್ಯಾಯಾಲಯದ ಮೂಲಕ ನೇರವಾಗಿ ಸಾಧಿಸಿಕೊಳ್ಳಲು ಬರುವುದಿಲ್ಲ.

ಈ ಎರಡು ಪಾಠಗಳಲ್ಲಿ ಒಂದು ವ್ಯತ್ಯಾಸವುಂಟು. ಸಂವಿಧಾನ ‘ಸಮಾನ ಕೆಲಸ’ ಎನ್ನುತ್ತದೆ. ಒಡಂಬಡಿಕೆ ‘ಸಮಾನ ಮೌಲ್ಯದ ಕೆಲಸ’ ಎನ್ನುತ್ತದೆ. ಒಂದೇ ಕಾರ್ಖಾನೆಯಲ್ಲಿ ಗಂಡಸೂ ಹೆಂಗಸೂ ಒಂದೇ ಬಗೆಯ ಮಗ್ಗವನ್ನು ನಡೆಸುತ್ತಿದ್ದರೆ ಮೊದಲನೆಯ ಮಾತು ಸಾಕು. ಗಂಡಸು ಮಗ್ಗ ನಡೆಸುತ್ತ, ಹೆಂಗಸು ನೂಲು ಸುತ್ತುತ್ತಿದ್ದರೆ ಮೊದಲನೆಯ ಮಾತು ಮೌನ ವಹಿಸುತ್ತದೆ. ಆಗ ಎರಡೂ ಕೆಲಸಗಳನ್ನು ತೂಗಿ ನೋಡಿ, ಅವುಗಳ ನಡುವೆ ಇರುವ ಕೂಲಿಯ ಅಂತರಕ್ಕೆ ಕೆಲಸದಲ್ಲಿಯೇ ಆಧಾರವಿದೆಯೆ ಎಂದು ಕೇಳಲು ಎರಡನೆಯ ಮಾತು ಬೇಕಾಗುತ್ತದೆ. ಮುಂದೆ ಬರುವ ಬಹುತೇಕ ತೊಡಕುಗಳು ಈ ಎರಡು ಮಾತುಗಳ ನಡುವಿನ ಅಂತರದಲ್ಲಿಯೇ ಹುಟ್ಟಿದವು.

೩. ಕುಟುಂಬ ವೇತನದ ಕಲ್ಪನೆ

ಹೆಂಗಸಿನ ಕೂಲಿ ಕಡಿಮೆಯಿರುವುದಕ್ಕೆ ಬಹುಕಾಲದಿಂದ ಕೊಡುತ್ತ ಬಂದಿರುವ ಸಮರ್ಥನೆ ಒಂದುಂಟು: ಗಂಡಸು ಸಂಸಾರವನ್ನು ಹೊರುವವನು, ಹೆಂಗಸಿನ ದುಡಿಮೆ ಮನೆಯ ಆದಾಯಕ್ಕೆ ಪೂರಕ ಮಾತ್ರ. ಈ ಭಾವನೆ ಕೇವಲ ಜನರ ಮಾತಾಗಿ ಉಳಿಯದೆ ವೇತನದ ಲೆಕ್ಕಾಚಾರದೊಳಗೂ ಪ್ರವೇಶಿಸಿತು. ೧೯೫೭ರಲ್ಲಿ ನಡೆದ ಭಾರತೀಯ ಕಾರ್ಮಿಕ ಸಮ್ಮೇಳನದ ೧೫ನೆಯ ಅಧಿವೇಶನವು ಅಗತ್ಯಾಧಾರಿತ ಕನಿಷ್ಠ ವೇತನಕ್ಕೆ ಪ್ರಸಿದ್ಧವಾದ ಸೂತ್ರವನ್ನು ನಿರ್ಮಿಸಿತು. ಅದರಂತೆ ದುಡಿಯುವ ಒಬ್ಬನಿಗೆ ಮೂರು ಅನುಭೋಗ ಘಟಕಗಳ ಕುಟುಂಬವೆಂದು ಲೆಕ್ಕ. ಪುರುಷನು ಒಂದು ಘಟಕ, ಅವನ ಪತ್ನಿ ೦.೮, ಇಬ್ಬರು ಮಕ್ಕಳು ತಲಾ ೦.೬, ಒಟ್ಟು ಮೂರು ಎಂದು ಇದನ್ನು ವಿವರಿಸುವುದು ರೂಢಿ. ಡಾ. ಅಯ್ಕ್ರಾಯ್ಡ್ ಅವರ ಲೆಕ್ಕದಂತೆ ವಯಸ್ಕನಿಗೆ ೨,೭೦೦ ಕ್ಯಾಲೊರಿಗಳ ಆಹಾರ, ತಲೆಗೆ ೧೮ ಗಜದಂತೆ ನಾಲ್ವರಿಗೆ ವರ್ಷಕ್ಕೆ ೭೨ ಗಜ ಬಟ್ಟೆ, ಮನೆಬಾಡಿಗೆ, ಸೌದೆ, ದೀಪ ಮುಂತಾದವುಗಳನ್ನು ಅದರಲ್ಲಿ ಸೇರಿಸಲಾಯಿತು. ಅದೇ ಸೂತ್ರದ ಇನ್ನೊಂದು ವಾಕ್ಯವು, ಹೆಂಗಸರು, ಮಕ್ಕಳು ಮತ್ತು ಹದಿಹರೆಯದವರ ಸಂಪಾದನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲವೆಂದು ಹೇಳಿತು.

ಈ ಸೂತ್ರದಿಂದ ಕಾರ್ಮಿಕ ವರ್ಗಕ್ಕೆ ಉಪಕಾರವೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. ಮನೆಯ ಎಲ್ಲರ ದುಡಿಮೆಯನ್ನೂ ಕೂಡಿಸಿ ‘ಇಷ್ಟು ಸಾಲದೆ?’ ಎಂದು ಕೇಳುವ ಮಾಲೀಕನ ಬಾಯನ್ನು ಅದು ಕಟ್ಟಿತು. ಆದರೆ ದುಡಿಯುವವನು ಗಂಡಸು, ಹೆಂಗಸು ಅವನ ಅವಲಂಬಿ ಎಂಬ ಚಿತ್ರವನ್ನು ಅದು ಅಚ್ಚೊತ್ತಿ ನಿಲ್ಲಿಸಿತು. ಈ ಚಿತ್ರಕ್ಕೆ ಒಗ್ಗದವರು ಬಹಳ ಮಂದಿ. ಮದುವೆಯಾಗದ ತರುಣನಿಗೆ ಇಲ್ಲದ ಹೆಂಡತಿ ಮಕ್ಕಳ ಹೆಸರಿನಲ್ಲಿ ಪೂರ್ಣ ಕೂಲಿ ದೊರೆಯುತ್ತದೆ. ಮೂವರು ಮಕ್ಕಳನ್ನು ಸಾಕುವ ವಿಧವೆಗೆ ಅವಳು ಯಾರದೋ ಅವಲಂಬಿಯೆಂಬ ಊಹೆಯಿಂದ ಅರೆಕೂಲಿ ದೊರೆಯುತ್ತದೆ. ಸಂಸಾರದ ಅಗತ್ಯವೇ ಕೂಲಿಗೆ ಅಳತೆಯಾಗಿದ್ದರೆ ಈ ಎರಡು ದರಗಳು ತಿರುವುಮುರುವಾಗಬೇಕಾಗಿತ್ತು.

ಇಂಗ್ಲೆಂಡಿನ ಎಲಿನಾರ್ ರಾಥ್‌ಬೋನ್ ಅವರು ೧೯೨೪ರಲ್ಲಿ ಪ್ರಕಟಿಸಿದ ‘ದಿ ಡಿಸ್‌ಇನ್‌ಹೆರಿಟೆಡ್ ಫ್ಯಾಮಿಲಿ’ ಎಂಬ ಗ್ರಂಥದಲ್ಲಿ ಈ ತೊಡಕಿನ ಬೇರನ್ನು ತೋರಿಸಿದರು. ಮಕ್ಕಳ ಪೋಷಣೆಯ ಭಾರವನ್ನು ಗಂಡಸಿನ ಕೂಲಿಯ ಮೇಲೆ ಹೇರಿರುವ ತನಕ ಸಮಾನ ವೇತನದ ಬೇಡಿಕೆ ಬಲಹೀನವಾಗಿಯೇ ಇರುತ್ತದೆ. ಆದ್ದರಿಂದ ಆ ಭಾರವನ್ನು ಪ್ರತ್ಯೇಕವಾದ ಕುಟುಂಬ ಭತ್ಯದ ಮೂಲಕ ಸಮಾಜವೇ ವಹಿಸಬೇಕು ಎಂಬುದು ಅವರ ವಾದದ ಸಾರ. ೧೯೪೫ರಲ್ಲಿ ಬ್ರಿಟನ್ನಿನಲ್ಲಿ ಕುಟುಂಬ ಭತ್ಯದ ಕಾಯಿದೆ ಆದಾಗ, ಹಣವು ತಾಯಿಯ ಕೈಗೇ ಸೇರಬೇಕೆಂಬ ಅವರ ಒತ್ತಾಯವೂ ನೆರವೇರಿತು. ಸಂಸಾರದ ಅಗತ್ಯವನ್ನು ನೋಡಿಕೊಳ್ಳಲು ಬೇರೆ ದಾರಿಗಳುಂಟೆಂದೂ, ಅದಕ್ಕಾಗಿ ಕೂಲಿಯ ದರವನ್ನು ವಕ್ರಗೊಳಿಸಬೇಕಾಗಿಲ್ಲವೆಂದೂ ಈ ಇತಿಹಾಸದಿಂದ ತಿಳಿಯುತ್ತದೆ.

೪. ೧೯೭೬ರ ಕಾಯಿದೆ

ಒಡಂಬಡಿಕೆಯನ್ನು ಸ್ಥಿರೀಕರಿಸಿದ ಹದಿನೇಳು ವರ್ಷಗಳ ಬಳಿಕ, ಅಂತರರಾಷ್ಟ್ರೀಯ ಮಹಿಳಾ ವರ್ಷವಾದ ೧೯೭೫ರ ಸೆಪ್ಟೆಂಬರ್ ೨೬ರಂದು ಭಾರತದಲ್ಲಿ ಸಮಾನ ಸಂಭಾವನೆಯ ಸುಗ್ರೀವಾಜ್ಞೆ ಹೊರಟಿತು. ೧೯೭೬ರ ಫೆಬ್ರವರಿಯಲ್ಲಿ ಅದರ ಸ್ಥಾನದಲ್ಲಿ ಸಮಾನ ಸಂಭಾವನೆ ಕಾಯಿದೆ ಬಂದು, ಹಂತಹಂತವಾಗಿ ಬೇರೆ ಬೇರೆ ಉದ್ಯೋಗಗಳಿಗೆ ಅನ್ವಯವಾಯಿತು.

ಕಾಯಿದೆಯ ಮುಖ್ಯ ವಿಧಿಗಳು ಸರಳವಾಗಿದ್ದವು. ಒಂದೇ ಕೆಲಸಕ್ಕೆ ಅಥವಾ ಒಂದೇ ಸ್ವರೂಪದ ಕೆಲಸಕ್ಕೆ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಸಂಭಾವನೆ ಕೊಡಕೂಡದು. ಸಮಗೊಳಿಸುವ ನೆಪದಿಂದ ಯಾರ ದರವನ್ನೂ ಇಳಿಸಕೂಡದು. ಮೊದಲು ಎರಡು ದರಗಳಿದ್ದಲ್ಲಿ ಹೆಚ್ಚಿನದೇ ಇಬ್ಬರಿಗೂ ಅನ್ವಯಿಸಬೇಕು. ಕಾನೂನು ಹೆಂಗಸರ ನಿಯೋಜನೆಯನ್ನು ನಿಷೇಧಿಸಿರುವ ಅಥವಾ ನಿರ್ಬಂಧಿಸಿರುವ ಸಂದರ್ಭಗಳ ಹೊರತು, ನೇಮಕದಲ್ಲಿ ಭೇದ ಮಾಡಕೂಡದು. ೧೯೮೭ರ ತಿದ್ದುಪಡಿಯು ಈ ಕೊನೆಯ ವಿಧಿಯನ್ನು ಬಡ್ತಿ, ತರಬೇತಿ, ವರ್ಗಾವಣೆಗಳಿಗೂ ವಿಸ್ತರಿಸಿತು. ಮಾಲೀಕನಿಗೂ ಕಾರ್ಮಿಕ ಸಂಘಕ್ಕೂ ಆದ ಕರಾರು ಇದಕ್ಕೆ ವಿರುದ್ಧವಾಗಿದ್ದರೆ ಕಾಯಿದೆಯೇ ಮೇಲಾಗುತ್ತಿತ್ತು.

ಎಲ್ಲಕ್ಕಿಂತ ಮಹತ್ತ್ವದ್ದು ‘ಒಂದೇ ಕೆಲಸ ಅಥವಾ ಒಂದೇ ಸ್ವರೂಪದ ಕೆಲಸ’ ಎಂಬುದಕ್ಕೆ ಕೊಟ್ಟ ಲಕ್ಷಣ. ಒಂದೇ ಬಗೆಯ ಕಾರ್ಯಪರಿಸರದಲ್ಲಿ ನಡೆಯುವ ಎರಡು ಕೆಲಸಗಳಿಗೆ ಬೇಕಾದ ಕೌಶಲ, ಶ್ರಮ ಮತ್ತು ಹೊಣೆ ಒಂದೇ ಆಗಿದ್ದು, ಅವುಗಳಲ್ಲಿ ವ್ಯತ್ಯಾಸವೇನಾದರೂ ಇದ್ದರೆ ಅದು ವ್ಯವಹಾರದಲ್ಲಿ ಮಹತ್ತ್ವವುಳ್ಳದ್ದಾಗಿರದಿದ್ದರೆ, ಆ ಕೆಲಸಗಳು ಒಂದೇ ಸ್ವರೂಪದವು. ಅಮೆರಿಕದ ಸಮಾನ ವೇತನ ಕಾಯಿದೆಯೂ (೧೯೬೩) ಕೌಶಲ, ಶ್ರಮ, ಹೊಣೆ, ಕಾರ್ಯಪರಿಸರಗಳೆಂಬ ಈ ನಾಲ್ಕನ್ನೇ ಅಳತೆಯಾಗಿ ಹಿಡಿದಿತ್ತು. ಹೀಗೆ ನಮ್ಮ ಕಾಯಿದೆಯು ಸಂವಿಧಾನದ ‘ಸಮಾನ ಕೆಲಸ’ಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು, ಒಡಂಬಡಿಕೆಯ ‘ಸಮಾನ ಮೌಲ್ಯ’ದವರೆಗೆ ಹೋಗಲಿಲ್ಲ.

ಇದೇ ಕಾಯಿದೆಯ ೧೬ನೆಯ ಪ್ರಕರಣವು ಇನ್ನೊಂದು ಬಾಗಿಲನ್ನು ತೆರೆದಿಟ್ಟಿತ್ತು. ಯಾವುದಾದರೂ ಸಂಸ್ಥೆಯಲ್ಲಿ ಕಾಣುವ ವೇತನದ ಅಂತರವು ಲಿಂಗಭೇದದ ಹೊರತು ಬೇರೊಂದು ಕಾರಣದಿಂದ ಆದದ್ದೆಂದು ಸರಕಾರಕ್ಕೆ ತೋರಿದರೆ ಹಾಗೆಂದು ಘೋಷಿಸಬಹುದಾಗಿತ್ತು. ಈ ಬಾಗಿಲಿನ ಉಪಯೋಗವೇನೆಂಬುದು ಮುಂದಿನ ಮೊಕದ್ದಮೆಯೊಂದರಿಂದ ಗೊತ್ತಾಗುತ್ತದೆ.

೫. ನ್ಯಾಯಾಲಯದ ಮುಂದೆ

ಏರ್ ಇಂಡಿಯಾ ಸಂಸ್ಥೆಯ ಗಗನಸಖಿಯರ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೮೧ರ ಆಗಸ್ಟಿನಲ್ಲಿ ತೀರ್ಮಾನಿಸಿತು. ವಿಮಾನದಲ್ಲಿ ಪ್ರಯಾಣಿಕರ ಸೇವೆಗೆ ಗಗನಸಖಿಯರೂ ಇದ್ದರು, ಪರ್ಸರ್ ಎಂಬ ಹುದ್ದೆಯ ಗಂಡಸರೂ ಇದ್ದರು. ಗಂಡಸರು ೫೮ನೆಯ ವಯಸ್ಸಿನವರೆಗೆ ಕೆಲಸದಲ್ಲಿರಬಹುದಾಗಿತ್ತು. ಗಗನಸಖಿಯಾದರೋ ೩೫ನೆಯ ವಯಸ್ಸಿನಲ್ಲಿ, ಅಥವಾ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ಆಗಲೇ, ಅಥವಾ ಮೊದಲ ಬಾರಿಗೆ ಗರ್ಭವತಿಯಾದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ, ನಿವೃತ್ತಳಾಗಬೇಕಾಗಿತ್ತು. ವ್ಯವಸ್ಥಾಪಕ ನಿರ್ದೇಶಕರು ಮನಸ್ಸು ಮಾಡಿದರೆ ೪೫ರವರೆಗೆ ಮುಂದುವರಿಸಬಹುದಾಗಿತ್ತು. ಗರ್ಭಧಾರಣೆಯ ನಿಯಮವನ್ನೂ ನಿರ್ದೇಶಕರ ಅಂಕೆಯಿಲ್ಲದ ಅಧಿಕಾರವನ್ನೂ ನ್ಯಾಯಾಲಯ ರದ್ದುಗೊಳಿಸಿತು. ಮದುವೆಯ ನಿಯಮವನ್ನು ಎತ್ತಿಹಿಡಿಯಿತು. ಸಮಾನತೆಯ ಮೂಲಪ್ರಶ್ನೆಗೆ ಅದು ಕೊಟ್ಟ ಉತ್ತರವೇ ನಮಗಿಲ್ಲಿ ಮುಖ್ಯ. ಈ ಇಬ್ಬರ ನೇಮಕದ ವಿಧಾನ, ವೇತನದ ಶ್ರೇಣಿ, ಬಡ್ತಿಯ ದಾರಿ ಎಲ್ಲವೂ ಬೇರೆ. ಆದಕಾರಣ ಇವು ಬೇರೆ ಬೇರೆ ವರ್ಗಗಳು, ಇವುಗಳ ನಡುವೆ ಹೋಲಿಕೆಯೇ ಸಲ್ಲದು ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಕೇಂದ್ರ ಸರಕಾರ ೧೯೭೯ರಲ್ಲಿ ೧೬ನೆಯ ಪ್ರಕರಣದಂತೆ ಮಾಡಿದ್ದ ಘೋಷಣೆಯೂ ಸಂಸ್ಥೆಯ ಪಕ್ಷಕ್ಕೆ ಬಲವಾಯಿತು.

ಈ ತರ್ಕದಲ್ಲಿ ಒಂದು ಸುತ್ತು ಇರುವುದನ್ನು ವಿದ್ಯಾರ್ಥಿಗಳು ಗುರುತಿಸಬೇಕು. ವೇತನ, ಬಡ್ತಿ, ನಿವೃತ್ತಿಗಳ ಭೇದವೇ ದೂರಿನ ವಿಷಯ. ಆ ಭೇದಗಳೇ ಎರಡು ವರ್ಗಗಳು ಬೇರೆ ಎಂಬುದಕ್ಕೆ ಸಾಕ್ಷ್ಯ. ವರ್ಗವನ್ನು ಮಾಡಿದವನು ಮಾಲೀಕ. ಅವನು ಎಷ್ಟು ಪೂರ್ಣವಾಗಿ ಭೇದ ಮಾಡಿದ್ದಾನೋ ಅಷ್ಟು ಪೂರ್ಣವಾಗಿ ಅವನಿಗೆ ರಕ್ಷಣೆ ಸಿಕ್ಕುತ್ತದೆ.

ಮರುವರ್ಷವೇ ಬೇರೆ ಗಾಳಿ ಬೀಸಿತು. ಸಮಾನ ವೇತನದ ಅಮೂರ್ತ ತತ್ತ್ವಕ್ಕೂ ಸಂವಿಧಾನದ ೧೪ನೆಯ ಅನುಚ್ಛೇದಕ್ಕೂ ಸಂಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹಿಂದೊಮ್ಮೆ, ೧೯೬೨ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ, ಹೇಳಿತ್ತು. ೧೯೮೨ರ ಫೆಬ್ರವರಿಯಲ್ಲಿ ರಣಧೀರ್ ಸಿಂಗ್ ಅವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು, ಈ ತತ್ತ್ವವು ಸಂವಿಧಾನದ ಗುರಿಯೆಂದೂ ೧೪ ಮತ್ತು ೧೬ನೆಯ ಅನುಚ್ಛೇದಗಳನ್ನು ೩೯ (ಡಿ)ಯ ಬೆಳಕಿನಲ್ಲಿ ಓದಿದಾಗ ಅದು ಹೊರಡುತ್ತದೆಂದೂ ನಿರ್ಣಯಿಸಿದರು. ಅರ್ಜಿದಾರರು ದೆಹಲಿ ಪೊಲೀಸಿನ ವಾಹನ ಚಾಲಕರು. ಅಲ್ಲಿದ್ದುದು ಗಂಡಸರ ನಡುವಿನ ಹೋಲಿಕೆಯೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡಗಳನ್ನು ಕಟ್ಟುತ್ತಿದ್ದ ಕೂಲಿಗಾರರ ವಿಷಯದ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿಯವರು, ಸಮಾನ ಸಂಭಾವನೆ ಕಾಯಿದೆಯನ್ನು ಪಾಲಿಸದಿರುವುದು ೧೪ನೆಯ ಅನುಚ್ಛೇದದ ಭಂಗವೇ ಆಗುತ್ತದೆಂದು ಹೇಳಿದರು. ಹೆಂಗಸರಿಗೆ ದಿನಕ್ಕೆ ಏಳೇ ರೂಪಾಯಿ ಕೊಟ್ಟು ಉಳಿದುದನ್ನು ಜಮಾದಾರರು ನುಂಗುತ್ತಿದ್ದರೆಂಬುದು ಅಲ್ಲಿನ ಆಪಾದನೆಯಾಗಿತ್ತು.

ಆದರೂ ಕೆಲಸದ ಹೆಸರಿನ ಹಿಂದೆ ಹೋಗಿ ಕೆಲಸವನ್ನೇ ನೋಡಬೇಕೆಂಬುದು ನಿಚ್ಚಳವಾದುದು ೧೯೮೭ರ ಮಾರ್ಚ್ ೨೬ರ ತೀರ್ಪಿನಲ್ಲಿ. ಅದು ಮುಂಬಯಿಯ ಮೆಕಿನನ್ ಮೆಕೆಂಜಿ ಸಂಸ್ಥೆಗೂ ಆಡ್ರಿ ಡಿಕೋಸ್ಟಾ ಎಂಬ ಶೀಘ್ರಲಿಪಿಗಾರ್ತಿಗೂ ನಡೆದ ವ್ಯಾಜ್ಯ. ಹಿರಿಯ ಅಧಿಕಾರಿಗಳ ಬಳಿ ಕೆಲಸ ಮಾಡುವ ಹೆಂಗಸರನ್ನು ಸಂಸ್ಥೆಯು ‘ಗೋಪ್ಯ ಕಾರ್ಯದ ಮಹಿಳಾ ಶೀಘ್ರಲಿಪಿಗಾರರು’ ಎಂಬ ಪ್ರತ್ಯೇಕ ವರ್ಗದಲ್ಲಿ ಇರಿಸಿತ್ತು. ಗಂಡಸು ಶೀಘ್ರಲಿಪಿಗಾರರು ಗುಮಾಸ್ತರ ಸಾಮಾನ್ಯ ವರ್ಗದಲ್ಲಿದ್ದು ಹೆಚ್ಚಿನ ವೇತನ ಪಡೆಯುತ್ತಿದ್ದರು. ೧೯೭೭ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟ ಆಕೆ, ಕಾಯಿದೆ ಜಾರಿಗೆ ಬಂದಂದಿನಿಂದ ತನಗೆ ಬರಬೇಕಾದ ವೇತನದ ಅಂತರವನ್ನು ಕೇಳಿದರು.

ಸಂಸ್ಥೆಯ ಉತ್ತರಗಳು ಮೂರು. ಗೋಪ್ಯ ಕಾರ್ಯದ ಶೀಘ್ರಲಿಪಿಗಾರರಲ್ಲಿ ಗಂಡಸರೇ ಇಲ್ಲ, ಆದ್ದರಿಂದ ಹೋಲಿಕೆಗೆ ಅವಕಾಶವಿಲ್ಲ. ಈ ದರಗಳು ಕಾರ್ಮಿಕ ಸಂಘದೊಡನೆ ಆದ ಕರಾರಿನಂತೆ ಬಂದವು. ಹೆಚ್ಚು ಕೊಡುವ ಶಕ್ತಿ ಸಂಸ್ಥೆಗಿಲ್ಲ. ನ್ಯಾಯಾಲಯ ಮೂರನ್ನೂ ತಳ್ಳಿಹಾಕಿತು. ಆ ವರ್ಗದಲ್ಲಿ ಹೆಂಗಸರೇ ಇದ್ದರೆ ಅದು ಆಡಳಿತದವರ ಇಚ್ಛೆಯಿಂದ ಆದದ್ದು. ಗಂಡಸು ಶೀಘ್ರಲಿಪಿಗಾರರ ಕೆಲಸಕ್ಕೆ ಹೆಂಗಸರು ಅನರ್ಹರಲ್ಲ. ಕರಾರು ಕಾಯಿದೆಯನ್ನು ಮೀರಲಾರದು. ಆರ್ಥಿಕ ಅಶಕ್ತಿಯನ್ನು ಕಾಯಿದೆ ನೆಪವಾಗಿ ಒಪ್ಪಿಲ್ಲ. ಕೆಲಸಗಳನ್ನು ಹೋಲಿಸುವಾಗ ವಿಶಾಲ ದೃಷ್ಟಿಯಿಂದ ನೋಡಬೇಕು. ಸಣ್ಣಪುಟ್ಟ ವ್ಯತ್ಯಾಸಗಳನ್ನು ಎಣಿಸಬಾರದು. ಕಾಗದದ ಮೇಲೆ ಯಾರು ಏನು ಮಾಡಬಹುದೆಂಬುದನ್ನು ಬಿಟ್ಟು, ವಾಸ್ತವವಾಗಿ ಯಾರು ಏನು ಮಾಡುತ್ತಿದ್ದಾರೆಂಬುದನ್ನು ನೋಡಬೇಕು ಎಂಬುದು ತೀರ್ಪಿನ ತಿರುಳು. ಇದನ್ನು ಬರೆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನವರು; ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು, ೧೯೮೯ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದವರು.

೬. ಹೋಲಿಸಲು ಗಂಡಸಿಲ್ಲದ ಕೆಲಸಗಳು

೧೯೮೭ರ ತೀರ್ಪು ಎಷ್ಟೇ ಬೆಲೆಯುಳ್ಳದ್ದಾದರೂ ಅದಕ್ಕೆ ಒಂದು ಅನುಕೂಲವಿತ್ತು: ಅದೇ ಕಚೇರಿಯಲ್ಲಿ ಅದೇ ಕೆಲಸ ಮಾಡುವ ಗಂಡಸರು ಹೋಲಿಕೆಗೆ ಸಿಕ್ಕಿದರು. ಹೆಂಗಸರೇ ತುಂಬಿರುವ ಉದ್ಯೋಗದಲ್ಲಿ ಈ ಅನುಕೂಲವಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಬೀಡಿ ಕಟ್ಟುವುದು, ಊದುಬತ್ತಿ ಹೊಸೆಯುವುದು ಬಹುಮಟ್ಟಿಗೆ ಹೆಂಗಸರ ಕೆಲಸಗಳೇ. ಇಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ದರವಿದ್ದು ಕಾಯಿದೆ ಪೂರ್ಣವಾಗಿ ಪಾಲನೆಯಾಗಿರಬಹುದು. ಆದರೂ ಆ ದರವೇ ಹೆಂಗಸರ ಕೆಲಸವೆಂಬ ಕಾರಣದಿಂದ ಕೆಳಗೆ ನಿಂತಿರಬಹುದು.

ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಅವರು ೧೯೨೨ರಷ್ಟು ಹಿಂದೆಯೇ ಇದರ ಕಾರಣವನ್ನು ವಿವರಿಸಿದ್ದರು. ಹೆಂಗಸರಿಗೆ ಹಲವು ಉದ್ಯೋಗಗಳ ಬಾಗಿಲು ಮುಚ್ಚಿರುವುದರಿಂದ ಅವರು ಉಳಿದ ಕೆಲವೇ ಉದ್ಯೋಗಗಳಲ್ಲಿ ಕಿಕ್ಕಿರಿಯುತ್ತಾರೆ. ಅಲ್ಲಿ ಕೆಲಸಗಾರರ ನೀಡಿಕೆ ಹೆಚ್ಚಿ ಕೂಲಿ ಇಳಿಯುತ್ತದೆ. ಬಳಿಕ ಆ ಇಳಿದ ಕೂಲಿಯನ್ನೇ ಸಾಕ್ಷ್ಯವಾಗಿ ಹಿಡಿದು, ಆ ಕೆಲಸಕ್ಕೆ ಕೌಶಲ ಬೇಡವೆಂದು ಲೋಕ ತೀರ್ಮಾನಿಸುತ್ತದೆ.

ಕೌಶಲವೆಂಬ ಮಾತು ಹೇಗೆ ವಾಲುತ್ತದೆಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ೧೯೬೮ರ ಜೂನ್ ತಿಂಗಳಲ್ಲಿ ಡ್ಯಾಗನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನಗಳ ಹೊದಿಕೆ ಹೊಲಿಯುತ್ತಿದ್ದ ಹೆಂಗಸರು ಮೂರು ವಾರಗಳ ಮುಷ್ಕರ ಹೂಡಿದರು. ಅವರ ಕೆಲಸವನ್ನು ಕೌಶಲ ಕಡಿಮೆಯಾದ ‘ಬಿ’ ದರ್ಜೆಯಲ್ಲಿ ಇರಿಸಿದುದೇ ಅವರ ಮೂಲ ದೂರು. ಅದರ ಮೇಲೆ ಆ ದರ್ಜೆಯ ಗಂಡಸರ ದರದಲ್ಲಿ ನೂರಕ್ಕೆ ೮೫ರಷ್ಟು ಮಾತ್ರ ಅವರಿಗೆ ಸಲ್ಲುತ್ತಿತ್ತು. ಮುಷ್ಕರದಿಂದ ಅದು ನೂರಕ್ಕೆ ೯೨ಕ್ಕೆ ಏರಿತು. ೧೯೭೦ರ ಸಮಾನ ವೇತನ ಕಾಯಿದೆಗೂ ಅದು ಪ್ರೇರಣೆಯಾಯಿತು. ಆದರೆ ದರ್ಜೆಯ ದೂರು ಹಾಗೆಯೇ ಉಳಿಯಿತು. ೧೯೮೪ರಲ್ಲಿ ಮತ್ತೊಂದು ಮುಷ್ಕರ ನಡೆದ ಮೇಲೆಯೇ ಆ ಹೊಲಿಗೆಯ ಕೆಲಸವು ಕೌಶಲದ ದರ್ಜೆಗೆ ಏರಿದುದು. ವೇತನದ ಅಂತರವನ್ನು ತಿದ್ದುವುದಕ್ಕಿಂತ ದರ್ಜೆಯನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಈ ಹದಿನಾರು ವರ್ಷಗಳು ಸಾರುತ್ತವೆ.

ನಮ್ಮ ನಾಡಿನಲ್ಲಿ ಇದಕ್ಕಿಂತ ವಿಚಿತ್ರವಾದ ನಿದರ್ಶನವುಂಟು. ಸಮಾನ ಸಂಭಾವನೆಯ ಸುಗ್ರೀವಾಜ್ಞೆ ಹೊರಟ ಆರು ದಿನಗಳಿಗೆ, ೧೯೭೫ರ ಅಕ್ಟೋಬರ್ ೨ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ ೩೩ ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಕ್ಷೇತ್ರ ತಿರುಮಕೂಡಲು ನರಸೀಪುರ. ಆ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಡುತ್ತಾರೆ. ಮಕ್ಕಳಿಗೂ ಗರ್ಭಿಣಿ ಬಾಣಂತಿಯರಿಗೂ ಪೌಷ್ಟಿಕ ಆಹಾರ ಒದಗಿಸುತ್ತಾರೆ. ಮಕ್ಕಳನ್ನು ತೂಗಿ ದಾಖಲೆ ಇಡುತ್ತಾರೆ. ಚುಚ್ಚುಮದ್ದಿನ ಕಾರ್ಯಕ್ಕೆ ನೆರವಾಗುತ್ತಾರೆ. ಕೌಶಲ, ಶ್ರಮ, ಹೊಣೆ ಈ ಮೂರರಲ್ಲಿ ಯಾವುದರ ಕೊರತೆಯೂ ಇಲ್ಲಿ ಕಾಣದು. ಆದರೆ ಅವರಿಗೆ ಸಲ್ಲುವ ಹಣದ ಹೆಸರು ವೇತನವಲ್ಲ, ಗೌರವಧನ. ಒಂದು ಕಡೆ ಸಂಭಾವನೆಯ ಭೇದವನ್ನು ಸರಕಾರ ನಿಷೇಧಿಸುತ್ತಿರುವಾಗಲೇ, ಇನ್ನೊಂದು ಕಡೆ ಹೆಂಗಸರಿಗೇ ಮೀಸಲಾದ ಬಹುದೊಡ್ಡ ಉದ್ಯೋಗವೊಂದು ಸಂಭಾವನೆಯ ಲೆಕ್ಕದಿಂದಲೇ ಹೊರಗೆ ಉಳಿಯಿತು.

ಈ ಹೆಸರಿನ ಪ್ರಭಾವವನ್ನು ಎರಡು ತೀರ್ಪುಗಳಲ್ಲಿ ನೋಡಬಹುದು. ಕರ್ನಾಟಕದಿಂದ ಹೋದ ಅಮೀರ್‌ಬಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ರಾಜ್ಯದ ಸಿವಿಲ್ ಹುದ್ದೆಯಲ್ಲಿರುವವರಲ್ಲವೆಂದು ನಿರ್ಣಯಿಸಿತು. ಗುಜರಾತಿನಿಂದ ಹೋದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ೨೦೨೨ರ ಏಪ್ರಿಲಿನಲ್ಲಿ, ಆಗ ಜಾರಿಯಲ್ಲಿದ್ದ ೧೯೭೨ರ ಗ್ರಾಚ್ಯುಟಿ ಕಾಯಿದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆಂದು ಹೇಳಿತು. ಗೌರವಧನವೆಂದು ಕರೆದರೂ ಆ ಕಾಯಿದೆಯ ಮಟ್ಟಿಗೆ ಅದು ವೇತನವೇ ಎಂದು ಸಾರಿತು. ಹೆಸರನ್ನು ಸರಿಸಿ ಕೆಲಸವನ್ನು ನೋಡುವ ೧೯೮೭ರ ದೃಷ್ಟಿಯೇ ಇಲ್ಲಿ ಬೇರೊಂದು ಕ್ಷೇತ್ರದಲ್ಲಿ ಫಲಿಸಿದೆ.

೭. ಅಳತೆಗೋಲಿನ ದೋಷ

ಹಾಗಾದರೆ ಕೆಲಸಗಳನ್ನು ತೂಗುವ ವಿಧಾನವೇನು? ಕೈಗಾರಿಕೆಗಳಲ್ಲಿ ‘ಕೆಲಸದ ಮೌಲ್ಯಮಾಪನ’ ಎಂಬ ಪದ್ಧತಿಯುಂಟು. ಕೌಶಲ, ಶ್ರಮ, ಹೊಣೆ, ಕಾರ್ಯಪರಿಸರ ಎಂಬ ಶೀರ್ಷಿಕೆಗಳ ಕೆಳಗೆ ಪ್ರತಿ ಕೆಲಸಕ್ಕೂ ಅಂಕಗಳನ್ನು ಕೊಟ್ಟು, ಒಟ್ಟು ಅಂಕಗಳಿಗೆ ಅನುಸಾರವಾಗಿ ದರ್ಜೆಯನ್ನು ಗೊತ್ತುಮಾಡುತ್ತಾರೆ. ಪದ್ಧತಿ ನಿಷ್ಪಕ್ಷಪಾತವಾಗಿ ತೋರುತ್ತದೆ. ಪಕ್ಷಪಾತವು ಯಾವುದನ್ನು ಎಣಿಸಬೇಕು, ಯಾವುದಕ್ಕೆ ಎಷ್ಟು ಭಾರ ಕೊಡಬೇಕು ಎಂಬಲ್ಲಿ ನುಸುಳುತ್ತದೆ.

ಗದ್ದೆಯ ಕೆಲಸವನ್ನೇ ತೆಗೆದುಕೊಳ್ಳೋಣ. ನೇಗಿಲು ಹಿಡಿಯುವುದು ಭಾರವಾದ ಕೆಲಸವೆಂದೂ ನಾಟಿ ಹಗುರವಾದುದೆಂದೂ ಹೇಳುವ ವಾಡಿಕೆ. ಶ್ರಮವೆಂದರೆ ಒಮ್ಮೆಗೆ ಬೇಕಾಗುವ ತೋಳ್ಬಲವೆಂದು ಅರ್ಥ ಮಾಡಿದರೆ ಇದು ಸರಿ. ಮುಂಜಾನೆಯಿಂದ ಸಂಜೆಯವರೆಗೆ ಕೆಸರಿನಲ್ಲಿ ನಿಂತು, ಬೆನ್ನು ಬಗ್ಗಿಸಿ, ಪೈರಿನ ಅಂತರ ತಪ್ಪದಂತೆ ಬೆರಳಾಡಿಸುವುದನ್ನೂ ಶ್ರಮವೆಂದು ಎಣಿಸಿದರೆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. ಕಾಫಿ ಸಂಸ್ಕರಣದ ಕಾರ್ಖಾನೆಯಲ್ಲಿಯೂ ಹೀಗೆಯೇ. ಬಣ್ಣ ನೋಡಿ ಬೀಜವನ್ನು ಬೇರ್ಪಡಿಸುವ ಯಂತ್ರಗಳು ಬರುವ ಮೊದಲು, ಕೆಟ್ಟ ಬೀಜವನ್ನು ಕೈಯಿಂದ ಆರಿಸುವ ಕೆಲಸ ಹೆಂಗಸರದು, ಮೂಟೆ ಹೊರುವ ಕೆಲಸ ಗಂಡಸರದು. ಮೂಟೆಯ ಭಾರ ಎಲ್ಲರಿಗೂ ಕಾಣುತ್ತದೆ. ದಿನವಿಡೀ ಕಣ್ಣನ್ನು ಬೀಜದ ಮೇಲೆ ನೆಟ್ಟಿರುವ ಆಯಾಸ ಕಾಣುವುದಿಲ್ಲ. ಮಾಲಿನ ದರ್ಜೆ ನಿರ್ಧಾರವಾಗುವುದಾದರೋ ಆ ಕಣ್ಣಿನ ಕೆಲಸದಿಂದಲೇ. ಮನೆಯಲ್ಲಿ ಬಾಲ್ಯದಿಂದ ಕಲಿತ ಹಸ್ತಕೌಶಲವು ‘ಸಹಜ’ವೆಂದು ಕರೆಯಿಸಿಕೊಂಡು ಅಂಕ ಪಡೆಯದೆ ಹೋಗುತ್ತದೆ, ಕಾರ್ಖಾನೆಯಲ್ಲಿ ಕಲಿತ ಕೌಶಲಕ್ಕೆ ಪ್ರಮಾಣಪತ್ರ ದೊರೆಯುತ್ತದೆ.

ಅಳತೆಗೋಲು ಸರಿಯಾದ ಮಾತ್ರಕ್ಕೆ ಎಲ್ಲವೂ ನೇರ್ಪಾಗುವುದೆಂದು ಭಾವಿಸಬಾರದು. ೨೦೨೩ರಲ್ಲಿ ನೊಬೆಲ್ ಸ್ಮಾರಕ ಪುರಸ್ಕಾರ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಅಮೆರಿಕದ ಸುದೀರ್ಘ ದಾಖಲೆಗಳನ್ನು ಪರಿಶೀಲಿಸಿ, ಇಂದಿನ ವೇತನದ ಅಂತರದ ಬಹುಭಾಗ ಒಂದೇ ಉದ್ಯೋಗದಲ್ಲಿರುವ ಸ್ತ್ರೀಪುರುಷರ ನಡುವೆಯೇ ಇದೆಯೆಂದೂ, ಅದು ಹೆಚ್ಚಾಗಿ ಮೊದಲ ಮಗು ಹುಟ್ಟಿದ ಮೇಲೆ ತಲೆದೋರುತ್ತದೆಂದೂ ತೋರಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಸಿಕ್ಕುವವರಿಗೆ ಹೆಚ್ಚು ಪ್ರತಿಫಲ ಕೊಡುವ ಉದ್ಯೋಗಗಳಲ್ಲಿ ಮನೆಯ ಹೊಣೆ ಹೊತ್ತವರು ಹಿಂದುಳಿಯುತ್ತಾರೆ. ಇದು ಸಮಾನ ವೇತನದ ಕಾಯಿದೆಯೊಂದರಿಂದಲೇ ಪರಿಹಾರವಾಗುವ ವಿಷಯವಲ್ಲ.

೮. ಇಂದಿನ ಕಾನೂನು ಮತ್ತು ಮುಂದಿನ ಅಧ್ಯಯನ

೧೯೭೬ರ ಕಾಯಿದೆ ಈಗ ರದ್ದಾಗಿದೆ. ೨೦೧೯ರ ವೇತನ ಸಂಹಿತೆ ಅದನ್ನೂ, ೧೯೪೮ರ ಕನಿಷ್ಠ ವೇತನ ಕಾಯಿದೆಯೇ ಮೊದಲಾದ ಇನ್ನು ಮೂರನ್ನೂ ತನ್ನಲ್ಲಿ ಅಡಗಿಸಿಕೊಂಡು, ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ಒಂದೇ ಮಾಲೀಕನ ಕೆಳಗೆ ಒಂದೇ ಸ್ವರೂಪದ ಕೆಲಸಕ್ಕೆ ಲಿಂಗದ ಕಾರಣದಿಂದ ವೇತನದಲ್ಲಿ ಭೇದ ಮಾಡಬಾರದೆಂಬ ನಿಯಮವು ಅದರಲ್ಲಿ ಉಳಿದಿದೆ. ಕೆಲಸ ಒಂದೇ ಸ್ವರೂಪದ್ದೆ ಎಂಬ ವಿವಾದವನ್ನು ಸರಕಾರ ಗೊತ್ತುಮಾಡಿದ ಅಧಿಕಾರಿ ತೀರ್ಮಾನಿಸಬೇಕು. ಲಕ್ಷಣವಾಕ್ಯದಲ್ಲಿ ಕೌಶಲ, ಶ್ರಮ, ಹೊಣೆಗಳ ಜೊತೆಗೆ ‘ಅನುಭವ’ವೆಂಬ ಹೊಸ ಮಾತು ಸೇರಿದೆ.

ಈ ಹೊಸ ಮಾತನ್ನು ಎಚ್ಚರಿಕೆಯಿಂದ ಓದಬೇಕಾಗಿದೆ. ಹೆರಿಗೆ, ಶಿಶುಪಾಲನೆಗಳಿಗಾಗಿ ಕೆಲವು ವರ್ಷ ಕೆಲಸ ಬಿಟ್ಟವಳಿಗೆ ಅನುಭವ ಕಡಿಮೆಯೆಂದು ಹೇಳಿ ಹಳೆಯ ಅಂತರವನ್ನೇ ಹೊಸ ಹೆಸರಿನಲ್ಲಿ ಉಳಿಸಿಕೊಳ್ಳುವುದು ಸಾಧ್ಯ. ಆದರೆ ಸಂಹಿತೆ ಹೇಳುವುದು ಕೆಲಸಕ್ಕೆ ‘ಬೇಕಾದ’ ಅನುಭವವನ್ನು; ವ್ಯಕ್ತಿಯು ಗಳಿಸಿ ಇಟ್ಟುಕೊಂಡ ವರ್ಷಗಳ ಮೊತ್ತವನ್ನಲ್ಲ. ಎರಡು ವರ್ಷದ ಅನುಭವ ಸಾಕಾಗುವ ಕೆಲಸದಲ್ಲಿ ಹತ್ತು ವರ್ಷದವನೂ ಐದು ವರ್ಷದವಳೂ ಒಂದೇ ಕೆಲಸವನ್ನು ಮಾಡುತ್ತಿದ್ದಾರೆ ಎಂಬುದೇ ಈ ಮಾತಿನ ನೇರವಾದ ಅರ್ಥ. ಅಧಿಕಾರಿಗಳೂ ನ್ಯಾಯಾಲಯಗಳೂ ಯಾವ ಅರ್ಥವನ್ನು ಹಿಡಿಯುತ್ತಾರೆಂಬುದರ ಮೇಲೆ ಬಹಳ ಮಂದಿಯ ಕೂಲಿ ನಿಂತಿದೆ.

‘ಒಂದೇ ಮಾಲೀಕ’ ಎಂಬ ಎಲ್ಲೆಯೂ, ‘ಸಮಾನ ಮೌಲ್ಯ’ವೆಂಬ ಮಾತು ಇಲ್ಲದಿರುವುದೂ ಸಂಹಿತೆಯಲ್ಲಿ ಮುಂದುವರಿದಿವೆ. ಹೀಗಿರಲು, ಹೆಂಗಸರೇ ತುಂಬಿರುವ ಉದ್ಯೋಗಗಳಿಗೆ ಸಂಹಿತೆಯ ಸಮಾನತೆಯ ವಿಧಿಗಿಂತ ಕನಿಷ್ಠ ವೇತನವನ್ನು ಗೊತ್ತುಮಾಡುವ ವಿಧಿಯೇ ಹೆಚ್ಚು ಮುಖ್ಯವಾಗುತ್ತದೆ. ಯಾವ ಕೆಲಸ ಕುಶಲ, ಯಾವುದು ಅರೆಕುಶಲ, ಯಾವುದು ಅಕುಶಲ ಎಂಬ ವಿಂಗಡಣೆ ಆಗುವುದು ಅಲ್ಲಿಯೇ. ಸಾರ್ವಜನಿಕ ಚರ್ಚೆ ಆ ಪಟ್ಟಿಗಳತ್ತ ತಿರುಗಬೇಕಾದುದು ಅವಶ್ಯ.

ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಉಪಯುಕ್ತ ಸಂಶೋಧನೆಯೊಂದು ಇಲ್ಲಿದೆ. ತಮ್ಮ ಊರಿನ ಒಂದು ಉದ್ಯೋಗವನ್ನು ಆರಿಸಿಕೊಂಡು, ಅದರಲ್ಲಿ ಗಂಡಸರೂ ಹೆಂಗಸರೂ ಮಾಡುವ ಕೆಲಸಗಳನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಅವುಗಳಿಗೆ ಯಾವ ಹೆಸರಿದೆ, ಯಾವ ದರ್ಜೆಯಿದೆ, ಆ ದರ್ಜೆಯನ್ನು ಯಾರು ಯಾವಾಗ ಗೊತ್ತುಮಾಡಿದರು ಎಂದು ವಿಚಾರಿಸಬೇಕು. ಬಳಿಕ ಕೌಶಲ, ಶ್ರಮ, ಹೊಣೆಗಳ ಕೆಳಗೆ ಎರಡನ್ನೂ ಇಟ್ಟು ಹೋಲಿಸಬೇಕು; ಕಾಣದ ಶ್ರಮಕ್ಕೂ ಕಲಂ ಇರಬೇಕು. ಇಂಥ ವಿವರಗಳು ಜಿಲ್ಲೆಜಿಲ್ಲೆಗೂ ದೊರೆತರೆ, ಸಂಹಿತೆಯ ಅಧಿಕಾರಿಯ ಮುಂದೆ ನಿಲ್ಲುವ ಕೆಲಸಗಾರ್ತಿಯ ಕೈಯಲ್ಲಿ ದೂರಿನ ಜೊತೆಗೆ ಪುರಾವೆಯೂ ಇರುತ್ತದೆ.